ಚಳಿಗಾಲದಲ್ಲಿ ನೆಂಟರ ಮನೆಗೆ ಕಾರಿನಲ್ಲಿ ಹೊರಡುವ ಮುನ್ನ: ಮಹಾಸರೋವರಗಳ ಸುತ್ತಲಿನ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್ ಕೊನೆಯ ವಾರ ಮಕ್ಕಳಿಗೂ ರಜ, ಆಫೀಸಿಗೂ ರಜ. ಶಿಕಾಗೋದಿಂದ ಮಿನಿಯಾಪೊಲಿಸ್‌ನ ಅಕ್ಕನ ಮನೆಗೆ, ಡೆಟ್ರಾಯಿಟ್‌ನಿಂದ ಟೊರಾಂಟೊದ ಚಿಕ್ಕಪ್ಪನ ಮನೆಗೆ, ಕ್ಲೀವ್‌ಲ್ಯಾಂಡ್‌ನಿಂದ ಬಫಲೋದ ತಮ್ಮನ ಮನೆಗೆ ಕಾರು ಹೊರಡುವ ಕಾಲ ಅದೇ. ಈ ದಾರಿಗಳಲ್ಲಿ ಹವಾಮಾನ ಕೆಡುವ ಕಾಲವೂ ಅದೇ. ಊರಿಂದ ಅಪ್ಪ ಅಮ್ಮ ಬಂದಿದ್ದರಂತೂ "ಇಷ್ಟು ದೂರ ಬಂದಿದ್ದಾರೆ, ಕರ್ಕೊಂಡು ಹೋಗದೆ ಇರೋಕಾಗುತ್ತಾ" ಅನ್ನುವ ಒತ್ತಡ ಬೇರೆ. ಇಲ್ಲಿನ ಉತ್ತರಗಳು ಇಲಿನಾಯ್, ವಿಸ್ಕಾನ್ಸಿನ್, ಮಿನೆಸೋಟ, ಇಂಡಿಯಾನ, ಮಿಶಿಗನ್, ಒಹಾಯೊ, ಪೆನ್ಸಿಲ್ವೇನಿಯಾ, ಪಶ್ಚಿಮ ನ್ಯೂಯಾರ್ಕ್ ಮತ್ತು ದಕ್ಷಿಣ ಒಂಟಾರಿಯೊದ ರಸ್ತೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು.

ಹೊರಡಬೇಕೋ ಬೇಡವೋ ಅಂತ ಹೇಗೆ ತೀರ್ಮಾನಿಸೋದು?

ಮೊದಲು ವಾಚ್, ಅಡ್ವೈಸರಿ, ವಾರ್ನಿಂಗ್ ಈ ಮೂರರ ವ್ಯತ್ಯಾಸ ತಿಳಿದಿರಲಿ. ಅಮೆರಿಕದ ನ್ಯಾಷನಲ್ ವೆದರ್ ಸರ್ವಿಸ್ "ವಾಚ್" ಅಂದರೆ ಬಿರುಗಾಳಿ ಬರುವ ಸಾಧ್ಯತೆ ಇದೆ, ಯೋಜನೆ ಬದಲಿಸಲು ಇನ್ನೂ ಸಮಯವಿದೆ ಎಂದರ್ಥ. "ಅಡ್ವೈಸರಿ" ಅಂದರೆ ತೊಂದರೆಯಾಗುತ್ತದೆ, ಹುಷಾರಾಗಿದ್ದರೆ ದಾಟಬಹುದು. "ವಾರ್ನಿಂಗ್" ಅಂದರೆ ಬಂದೇ ಬರುತ್ತದೆ, ಇಲ್ಲವೇ ಬಂದಾಗಿದೆ. "ಬ್ಲಿಝರ್ಡ್ ವಾರ್ನಿಂಗ್" ಇವೆಲ್ಲಕ್ಕಿಂತ ಮೇಲಿನದು. ಗಂಟೆಗೆ 35 ಮೈಲಿಗೂ ಮೀರಿದ ಗಾಳಿ, ಕಾಲು ಮೈಲಿಗಿಂತ ಕಡಿಮೆ ಕಾಣುವ ದೂರ, ಇದು ಕನಿಷ್ಠ 3 ಗಂಟೆ ಹಾಗೇ ಇರುವುದು ಅದರ ಲಕ್ಷಣ. ಗಮನಿಸಿ, ಇದಕ್ಕೆ ಹೊಸದಾಗಿ ಹಿಮ ಬೀಳಲೇಬೇಕೆಂದಿಲ್ಲ. ನೆಲದ ಮೇಲಿನ ಹಳೆಯ ಹಿಮವನ್ನೇ ಗಾಳಿ ಎಬ್ಬಿಸಿದರೂ ಸಾಕು. ವಾರ್ನಿಂಗ್ ನಿಮ್ಮ ದಾರಿಯ ಯಾವುದೇ ಭಾಗಕ್ಕಿದ್ದರೂ ಆ ಅವಧಿಯಲ್ಲಿ ಅಲ್ಲಿ ಇರಬೇಡಿ. ಒಂದು ದಿನ ಮೊದಲು ಹೋಗಿ, ಇಲ್ಲವೇ ಒಂದು ದಿನ ತಡವಾಗಿ ಹೋಗಿ.

ಎರಡನೆಯದಾಗಿ, ಒಹಾಯೊದಲ್ಲಿ ಕೌಂಟಿಯ ಶೆರಿಫ್ ಹಿಮದ ತುರ್ತುಸ್ಥಿತಿಯನ್ನು 1, 2, 3 ಎಂದು ಘೋಷಿಸುತ್ತಾರೆ. 3 ಅಂದರೆ ತುರ್ತು ಕೆಲಸದವರಲ್ಲದವರಿಗೆ ರಸ್ತೆ ಬಂದ್. ಇಂಡಿಯಾನದಲ್ಲಿ ಕೌಂಟಿಗಳ ನಕ್ಷೆ ಹಳದಿ, ಕಿತ್ತಳೆ, ಕೆಂಪು ಬಣ್ಣದಲ್ಲಿರುತ್ತದೆ. ನಕ್ಷೆ ಕೆಂಪಾಗಿದ್ದಾಗ ಓಡಿಸುವುದು ಬರೀ ಅವಿವೇಕವಲ್ಲ, ಕಾನೂನಿನ ತೊಡಕೂ ಹೌದು.

ಮೂರನೆಯದು ರಸ್ತೆ ಇಲಾಖೆಗಳ ಕ್ಯಾಮೆರಾಗಳು. ಬಹುತೇಕ ರಾಜ್ಯಗಳ 511 ಎಂಬ ರಸ್ತೆ ಮಾಹಿತಿಯ ಜಾಲತಾಣದಲ್ಲೂ ಒಂಟಾರಿಯೊದ 511ರಲ್ಲೂ ಹೆದ್ದಾರಿಯ ಈ ಕ್ಷಣದ ಚಿತ್ರ ಸಿಗುತ್ತದೆ. ಮುನ್ಸೂಚನೆ ಏನೇ ಹೇಳಲಿ, ಕ್ಯಾಮೆರಾದಲ್ಲಿ ಡಾಂಬರು ಕಾಣುತ್ತಿದೆಯೇ, ಬಿಳಿಯೇ ಕಾಣುತ್ತಿದೆಯೇ ನೋಡಿ. ಮ್ಯಾಪ್ ಆ್ಯಪ್ ತೋರಿಸುವ ಹಸಿರು ಗೆರೆಯನ್ನು ನಂಬಬೇಡಿ. ರಸ್ತೆಯಲ್ಲಿ ಯಾರೂ ಇಲ್ಲದಿದ್ದರೂ ಗೆರೆ ಹಸಿರಾಗಿಯೇ ಇರುತ್ತದೆ. ಹೆದ್ದಾರಿ ಜಾಮ್ ಆದಾಗ ಅದು ಸೂಚಿಸುವ ಹಳ್ಳಿ ದಾರಿಯಲ್ಲಿ ಪ್ಲೋ (ಹಿಮ ತಳ್ಳುವ ಗಾಡಿ) ಬರುವುದು ಎಷ್ಟೋ ಹೊತ್ತಿನ ಮೇಲೆ.

ಇವೆಲ್ಲದರ ಜೊತೆಗೆ ಮನೆಯಲ್ಲಿ ಕೂತಾಗಲೇ, ತಲೆ ತಣ್ಣಗಿರುವಾಗಲೇ, ಎರಡು ನಿಲುಗಡೆ ಗುರುತಿಸಿಟ್ಟುಕೊಳ್ಳಿ. "ಈ ಊರಿಗೆ ಇಷ್ಟು ಗಂಟೆಯೊಳಗೆ ತಲುಪದಿದ್ದರೆ ಅಲ್ಲೇ ರಾತ್ರಿ ತಂಗುತ್ತೇವೆ" ಎಂದು ನಿರ್ಧರಿಸಿ, ಕೊನೆ ಕ್ಷಣದಲ್ಲಿ ರದ್ದು ಮಾಡಬಹುದಾದ ಹೋಟೆಲ್ ರೂಮು ಕಾದಿರಿಸಿ. ಶಿಕಾಗೋ–ಮಿನಿಯಾಪೊಲಿಸ್ ಸುಮಾರು 400 ಮೈಲಿ. ಬೇಸಿಗೆಯಲ್ಲಿ 6 ಗಂಟೆಯ ದಾರಿ, ಹಿಮದಲ್ಲಿ 9 ಗಂಟೆಯೂ ಆಗಬಹುದು. ಡಿಸೆಂಬರ್ ಕೊನೆಯಲ್ಲಿ ನಾಲ್ಕೂವರೆ ಐದಕ್ಕೆಲ್ಲ ಕತ್ತಲು. ನೆಂಟರಿಗೆ "ರಾತ್ರಿ ಊಟಕ್ಕೆ ಬರ್ತೀವಿ" ಅನ್ನುವ ಬದಲು "ಹೊರಟ ಮೇಲೆ ಫೋನ್ ಮಾಡ್ತೀವಿ" ಅನ್ನಿ. ಹೇಳಿದ ಹೊತ್ತಿಗೆ ಹೋಗಲೇಬೇಕೆಂಬ ಹಟವೇ ಜನರನ್ನು ಮುಚ್ಚಿದ ಆಕಾಶದೊಳಕ್ಕೆ ನುಗ್ಗಿಸುವುದು.

ಇಲ್ಲಿ ಬಿಸಿಲಿದೆ. 60 ಮೈಲಿ ಆಚೆ ಎರಡಡಿ ಹಿಮ ಅಂತಾರೆ. ನಂಬಬಹುದಾ?

ನಂಬಬೇಕು. ಇದು ಸರೋವರದ ಹಿಮ, ಇಲ್ಲಿಯವರು ಲೇಕ್ ಎಫೆಕ್ಟ್ ಅನ್ನುತ್ತಾರೆ. ಬೇಸಿಗೆಯ ಕಾವನ್ನು ಇನ್ನೂ ಹಿಡಿದಿಟ್ಟುಕೊಂಡ ನೀರಿನ ಮೇಲೆ ಉತ್ತರದ ಕೊರೆಯುವ ಗಾಳಿ ಹಾಯುತ್ತದೆ. ನೀರಿಗೂ ಒಂದೂವರೆ ಕಿಲೋಮೀಟರ್ ಎತ್ತರದ ಗಾಳಿಗೂ ನಡುವೆ ಸುಮಾರು 13 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಬಂದಾಗ ಗಾಳಿ ತೇವ ಹೀರಿ ಮೇಲೇರುತ್ತದೆ, ದಡ ಮುಟ್ಟಿದ ಮೇಲೆ ಹಿಮವಾಗಿ ಸುರಿಸುತ್ತದೆ. ಸುರಿಯುವುದು ಕಿರಿದಾದ ಪಟ್ಟಿಗಳಲ್ಲಿ. ಕೆಲವೊಮ್ಮೆ ಪಟ್ಟಿಯ ಅಗಲ ಹತ್ತೇ ಮೈಲಿ. ನಮ್ಮ ಕಡೆ ಬೇಸಿಗೆ ಮಳೆ ರಸ್ತೆಯ ಈ ಬದಿ ಸುರಿದು ಆ ಬದಿ ಒಣಗಿರುವ ಹಾಗೆ, ಆದರೆ ಇದು ದಿನಗಟ್ಟಲೆ ಒಂದೇ ಕಡೆ ಕೂರುತ್ತದೆ. 2017ರ ಕ್ರಿಸ್‌ಮಸ್ ದಿನ ಪೆನ್ಸಿಲ್ವೇನಿಯಾದ ಈರಿ ನಗರದಲ್ಲಿ ಒಂದೇ ದಿನಕ್ಕೆ 34 ಇಂಚು ಬಿತ್ತು.

ಹುಷಾರಾಗಿರಬೇಕಾದ ಪಟ್ಟಿಗಳು ಇವು: ಕ್ಲೀವ್‌ಲ್ಯಾಂಡ್‌ನ ಪೂರ್ವದಿಂದ ಈರಿ ದಾಟಿ ಬಫಲೋವರೆಗಿನ ಐ-90 (ಇಂಟರ್‌ಸ್ಟೇಟ್ 90) ಹೆದ್ದಾರಿ, ಮಿಶಿಗನ್‌ನಲ್ಲಿ ಬೆಂಟನ್ ಹಾರ್ಬರ್‌ನಿಂದ ಕಲಮಝೂವರೆಗಿನ ಐ-94, ಒಂಟಾರಿಯೊದಲ್ಲಿ ಸಾರ್ನಿಯಾ–ಲಂಡನ್ ನಡುವಿನ 402 ಹೆದ್ದಾರಿ. 2010ರ ಡಿಸೆಂಬರ್‌ನಲ್ಲಿ ಆ 402ರಲ್ಲೇ 300ಕ್ಕೂ ಹೆಚ್ಚು ಜನ ಸಿಕ್ಕಿಹಾಕಿಕೊಂಡು ಸೇನೆಯ ಹೆಲಿಕಾಪ್ಟರ್ ಬರಬೇಕಾಯಿತು. ಈರಿ ಸರೋವರ ಆಳವಿಲ್ಲದ್ದು, ಜನವರಿ ಫೆಬ್ರವರಿಯಲ್ಲಿ ಹೆಪ್ಪುಗಟ್ಟಿದರೆ ಅದರ ಕಾಟ ತಗ್ಗುತ್ತದೆ. ಹಾಗಾಗಿ ಜಾಸ್ತಿ ಅಪಾಯ ನಾವೆಲ್ಲ ಪ್ರಯಾಣ ಮಾಡುವ ನವೆಂಬರ್ ಕೊನೆಯಿಂದ ಜನವರಿ ಮೊದಲವರೆಗೆ.

ಓಡಿಸುತ್ತಿರುವಾಗಲೇ ಫೋನು "ಸ್ನೋ ಸ್ಕ್ವಾಲ್ ವಾರ್ನಿಂಗ್" ಅಂತ ಕಿರುಚಿತು. ಏನು ಮಾಡಲಿ?

ಮುಂದಿನ ಎಕ್ಸಿಟ್‌ನಲ್ಲಿ ಇಳಿಯಿರಿ. ಸ್ಕ್ವಾಲ್ ಅಂದರೆ ಗಾಳಿಯೊಂದಿಗೆ ಇದ್ದಕ್ಕಿದ್ದಂತೆ ಜೋರಾಗಿ ಸುರಿಯುವ ಹಿಮ, ಸಾಮಾನ್ಯವಾಗಿ ಅರ್ಧ ಮುಕ್ಕಾಲು ಗಂಟೆಯ ಆಟ. ಒಂದು ಕಾಫಿ ಕುಡಿಯುವಷ್ಟರಲ್ಲಿ ದಾಟಿ ಹೋಗುತ್ತದೆ. ಅದರೊಳಗೆ ನುಗ್ಗಿದವರಿಗೆ ಮಾತ್ರ ಕೆಲವೇ ಸೆಕೆಂಡುಗಳಲ್ಲಿ ಮುಂದಿನ ಬಾನೆಟ್ಟೂ ಕಾಣದು. ಹೆದ್ದಾರಿಯ ದೊಡ್ಡ ಸರಣಿ ಅಪಘಾತಗಳಲ್ಲಿ ಹಲವು ಹೀಗೆ ಕಣ್ಣು ಕಟ್ಟಿದ ಜಾಗದಲ್ಲಿ ಆದವು. 2015ರ ಜನವರಿ 9ರಂದು ಕಲಮಝೂ ಬಳಿಯ ಐ-94ರಲ್ಲಿ 193 ವಾಹನಗಳು ಒಂದಕ್ಕೊಂದು ಗುದ್ದಿದವು. ಅವುಗಳಲ್ಲಿ ಪಟಾಕಿ ತುಂಬಿದ ಲಾರಿಯೂ ಒಂದಿತ್ತು.

ಎಕ್ಸಿಟ್ ಇಲ್ಲದಿದ್ದರೆ ಹೆಡ್‌ಲೈಟ್ ಹಾಕಿ, ನಿಧಾನವಾಗಿ ವೇಗ ಇಳಿಸಿ. ಲೇನ್ ಮಧ್ಯೆ ಮಾತ್ರ ನಿಲ್ಲಬೇಡಿ. ಹಿಂದಿನ ಲಾರಿಯವನಿಗೂ ನೀವು ಕಾಣುವುದಿಲ್ಲ. ಹೈಬೀಮ್ ಹಾಕಿದರೆ ಬೆಳಕು ಹಿಮಕ್ಕೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಎಷ್ಟೋ ಕಾರುಗಳಲ್ಲಿ ಹಗಲು ತಾನಾಗಿ ಉರಿಯುವುದು ಮುಂದಿನ ದೀಪ ಮಾತ್ರ, ಹಿಂದಿನ ಕೆಂಪು ದೀಪ ಉರಿಯುವುದಿಲ್ಲ. ಸ್ವಿಚ್ಚನ್ನು "ಆಟೋ"ದಲ್ಲಿ ಬಿಡದೆ ಕೈಯಾರೆ "ಆನ್" ಮಾಡಿ.

ನಮ್ಮದು ಆಲ್ ವೀಲ್ ಡ್ರೈವ್ ಎಸ್‌ಯುವಿ. ಇನ್ನೂ ಸ್ನೋ ಟೈರ್ ಬೇಕಾ?

ಬೇಕು. ಆಲ್ ವೀಲ್ ಡ್ರೈವ್ ನಿಂತ ಗಾಡಿಯನ್ನು ಹೊರಡಿಸಲು ಸಹಾಯ ಮಾಡುತ್ತದೆ, ಓಡುವ ಗಾಡಿಯನ್ನು ನಿಲ್ಲಿಸಲು ಅಲ್ಲ. ಬ್ರೇಕು ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರುತ್ತದೆ. ಅಲ್ಲಿ ಕೆಲಸ ಮಾಡುವುದು ರಬ್ಬರ್ ಒಂದೇ. ಹೊರಡುವಾಗ ಜಾರದ ಕಾರು ಚಾಲಕನಲ್ಲಿ ಸುಳ್ಳು ಧೈರ್ಯ ತುಂಬುತ್ತದೆ. ಹಳ್ಳದಲ್ಲಿ ಮಗುಚಿದ ಗಾಡಿಗಳಲ್ಲಿ ದೊಡ್ಡ ಎಸ್‌ಯುವಿಗಳು ಅಷ್ಟೊಂದು ಕಾಣುವುದಕ್ಕೆ ಇದೂ ಒಂದು ಕಾರಣ.

ಆಲ್ ಸೀಸನ್ ಟೈರಿನ ರಬ್ಬರ್ 7 ಡಿಗ್ರಿ ಸೆಲ್ಸಿಯಸ್‌ಗಿಂತ (45 ಫ್ಯಾರನ್‌ಹೀಟ್) ಕೆಳಗೆ ಬಿರುಸಾಗತೊಡಗುತ್ತದೆ. ಚಳಿಗಾಲದ ಟೈರಿನ ರಬ್ಬರ್ ಆ ಚಳಿಯಲ್ಲೂ ಮೆತ್ತಗಿದ್ದು ರಸ್ತೆಯನ್ನು ಹಿಡಿಯುತ್ತದೆ. ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹೂವು ಇರುವ ಗುರುತು ಹುಡುಕಿ. ಬರೀ "ಎಂ+ಎಸ್" (ಮಡ್ ಆ್ಯಂಡ್ ಸ್ನೋ) ಎಂದಿದ್ದರೆ ಸಾಲದು, ಅದು ಪಟ್ಟೆಗಳ ಆಕಾರದ ಬಗ್ಗೆ ಹೇಳುವುದೇ ಹೊರತು ಹಿಮದಲ್ಲಿ ಪರೀಕ್ಷೆಯಾಗಿದೆ ಎಂದಲ್ಲ. ನಾಲ್ಕಕ್ಕೆ ನಾಲ್ಕೂ ಹಾಕಿಸಿ. ದುಡ್ಡು ಉಳಿಸಲು ಮುಂದಕ್ಕೆ ಎರಡೇ ಹಾಕಿಸಿದರೆ, ಬ್ರೇಕ್ ಒತ್ತಿದಾಗ ಮುಂದಿನದು ಹಿಡಿಯುತ್ತದೆ, ಹಿಂದಿನದು ಜಾರುತ್ತದೆ, ಕಾರು ಬುಗುರಿಯ ಹಾಗೆ ತಿರುಗುತ್ತದೆ. ಕೆನಡಾದ ಕ್ವಿಬೆಕ್‌ಗೆ ಹೊರಟವರಿಗೆ ಒಂದು ಮಾತು: ಅಲ್ಲಿ ನೋಂದಣಿಯಾದ ಕಾರುಗಳಿಗೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ. ನಿಮ್ಮ ಸುತ್ತಲಿನವರೆಲ್ಲ ಬೇಗ ನಿಲ್ಲಬಲ್ಲರು, ನೀವು ನಿಲ್ಲಲಾರಿರಿ.

ಪಟ್ಟೆಯ ಆಳ ನೋಡಲು ಕ್ವಾರ್ಟರ್ ನಾಣ್ಯ ತಲೆಕೆಳಗಾಗಿ ತೂರಿಸಿ. ವಾಷಿಂಗ್ಟನ್‌ನ ತಲೆಯ ತುದಿ ಪೂರ್ತಿ ಕಂಡರೆ ಆಳ ಒಂದು ಇಂಚಿನ 32ರಲ್ಲಿ 4 ಭಾಗಕ್ಕಿಂತ ಕಡಿಮೆ. ಹಿಮಕ್ಕೆ ಅದು ಸಾಲದು, 6 ಭಾಗವಾದರೂ ಇರಲಿ.

ಚಳಿ ಬಿದ್ದ ಕೂಡಲೇ ಟೈರಿನ ದೀಪ ಹತ್ತಿಕೊಳ್ಳುತ್ತೆ. ಪಂಕ್ಚರಾ?

ಸಾಮಾನ್ಯವಾಗಿ ಅಲ್ಲ. ಪ್ರತಿ 10 ಫ್ಯಾರನ್‌ಹೀಟ್ ಇಳಿದಾಗ ಟೈರಿನ ಗಾಳಿಯ ಒತ್ತಡ ಸುಮಾರು 1 ಪಿಎಸ್‌ಐ ಕುಗ್ಗುತ್ತದೆ. 60 ಡಿಗ್ರಿ ಇರುವ ಗರಾಜಿನಲ್ಲಿ ಸರಿಯಾಗಿ ತುಂಬಿದ ಟೈರು ಹೊರಗಿನ 0 ಡಿಗ್ರಿಗೆ ಬಂದರೆ 6 ಪಿಎಸ್‌ಐ ಹೋದ ಲೆಕ್ಕ. ಬೆಳಗ್ಗೆ ಕಾರು ಓಡಿಸುವ ಮೊದಲು, ಹೊರಗಿನ ಚಳಿಯಲ್ಲೇ ಅಳೆದು ಚಾಲಕನ ಬಾಗಿಲಿನ ಪಕ್ಕ ಅಂಟಿಸಿರುವ ಚೀಟಿಯ ಅಂಕಿಗೆ ತುಂಬಿ. ಹಿಮದಲ್ಲಿ ಹಿಡಿತ ಸಿಗಲಿ ಎಂದು ಗಾಳಿ ಇಳಿಸುವುದು ಮರಳಿನ ಉಪಾಯ, ಹೆದ್ದಾರಿಯದ್ದಲ್ಲ.

ಬ್ಯಾಟರಿ, ಕೂಲೆಂಟ್, ವಾಷರ್ ನೀರು ಏನು ನೋಡಬೇಕು?

ಬ್ಯಾಟರಿ ಮೊದಲು. ನೀರು ಹೆಪ್ಪುಗಟ್ಟುವ ಚಳಿಯಲ್ಲೇ ಅದರ ಶಕ್ತಿ ಮೂರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ, 0 ಫ್ಯಾರನ್‌ಹೀಟ್‌ಗೆ (ಮೈನಸ್ 18 ಸೆಲ್ಸಿಯಸ್) ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ. ಅದೇ ಹೊತ್ತಿಗೆ ಎಂಜಿನ್ ಆಯಿಲ್ ಗಟ್ಟಿಯಾಗಿ ತಿರುಗಿಸಲು ಹೆಚ್ಚು ಶಕ್ತಿ ಬೇಡುತ್ತದೆ. 4 ವರ್ಷ ದಾಟಿದ ಬ್ಯಾಟರಿಯನ್ನು ಹೊರಡುವ ವಾರಕ್ಕೆ ಮುಂಚೆ ಪರೀಕ್ಷಿಸಿ. ಬಿಡಿಭಾಗದ ಎಷ್ಟೋ ಅಂಗಡಿಗಳು ಬಿಟ್ಟಿಯಾಗಿ ನೋಡಿಕೊಡುತ್ತವೆ. ಮನೆಯಲ್ಲೇ ಮೀಟರ್ ಇದ್ದರೆ, ರಾತ್ರಿಯಿಡೀ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. 12.2ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿ ಮತ್ತೆ ಪರೀಕ್ಷಿಸಿ, ಆಗಲೂ ನಿಲ್ಲದಿದ್ದರೆ ಬದಲಿಸಿ.

ಸತ್ತ ಬ್ಯಾಟರಿಗೆ ಇನ್ನೊಂದು ಕಾರಿನ ಬ್ಯಾಟರಿಯಿಂದ ಜಂಪ್ ಕೊಡುವ ಕ್ರಮ ಬಾಯಿಪಾಠ ಇರಲಿ. ಕೆಂಪು ತಂತಿ ಸತ್ತ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಚೆನ್ನಾಗಿರುವುದರ ಪ್ಲಸ್‌ಗೆ. ಕಪ್ಪು ತಂತಿ ಚೆನ್ನಾಗಿರುವುದರ ಮೈನಸ್‌ಗೆ, ಕೊನೆಯ ತುದಿ ಸತ್ತ ಕಾರಿನ ಎಂಜಿನ್‌ನ ಬಣ್ಣವಿಲ್ಲದ ಲೋಹಕ್ಕೆ. ಆ ತುದಿಯನ್ನು ಸತ್ತ ಬ್ಯಾಟರಿಯ ಮೈನಸ್‌ಗೇ ಹಚ್ಚಿದರೆ ಕಿಡಿ ಹಾರಿ ಬ್ಯಾಟರಿಯಿಂದ ಬರುವ ಹೈಡ್ರೋಜನ್ ಹೊತ್ತಿಕೊಳ್ಳಬಹುದು. ಪೂರ್ತಿ ಖಾಲಿಯಾದ ಬ್ಯಾಟರಿ ಮೈನಸ್ 7 ಸೆಲ್ಸಿಯಸ್ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಪೆಟ್ಟಿಗೆ ಉಬ್ಬಿದ್ದರೆ ಜಂಪ್ ಕೊಡುವ ಸಾಹಸ ಬೇಡ.

ಎಂಜಿನ್ ತಂಪಾಗಿಡುವ ಕೂಲೆಂಟ್‌ಗೆ ಅರ್ಧ ನೀರು, ಅರ್ಧ ಆ್ಯಂಟಿಫ್ರೀಝ್. ಈ ಮಿಶ್ರಣ ಮೈನಸ್ 37 ಸೆಲ್ಸಿಯಸ್‌ವರೆಗೆ ತಡೆಯುತ್ತದೆ. "ಜಾಸ್ತಿ ಹಾಕಿದರೆ ಜಾಸ್ತಿ ಒಳ್ಳೇದು" ಅಂತ ನೀರಿಲ್ಲದೆ ಸುರಿದರೆ ಉಲ್ಟಾ ಆಗುತ್ತದೆ, ಅದೊಂದೇ ಇದ್ದಾಗ ಇನ್ನೂ ಬೇಗ ಗಟ್ಟಿಯಾಗುತ್ತದೆ.

ವಾಷರ್ ದ್ರವದ ಡಬ್ಬಿಯ ಮೇಲೆ ಮೈನಸ್ 20 ಫ್ಯಾರನ್‌ಹೀಟ್ (ಮೈನಸ್ 29 ಸೆಲ್ಸಿಯಸ್) ಎಂದು ಬರೆದಿರಬೇಕು. ಬೇಸಿಗೆಯದ್ದು, ಅಥವಾ ಊರಲ್ಲಿ ಮಾಡುವ ಹಾಗೆ ನಲ್ಲಿ ನೀರು ಬೆರೆಸಿದ್ದು, ಗಾಜಿಗೆ ಬಿದ್ದ ಕೂಡಲೇ ಹೆಪ್ಪಾಗಿ ಮುಂದಿನದೇನೂ ಕಾಣದು. ಲಾರಿಗಳು ಎರಚುವ ಉಪ್ಪುನೀರಿನಲ್ಲಿ ಒಂದು ದಿನದ ಪ್ರಯಾಣಕ್ಕೆ ಒಂದು ಗ್ಯಾಲನ್ ಮುಗಿದರೂ ಆಶ್ಚರ್ಯವಿಲ್ಲ. ಡಿಕ್ಕಿಯಲ್ಲಿ ಇನ್ನೊಂದು ಗ್ಯಾಲನ್ ಇರಲಿ.

ಹೊರಡುವ ಬೆಳಗ್ಗೆ ಕಾರಿನ ಮೇಲೆ ಒಂದಡಿ ಹಿಮ. ಗಾಜಿನ ಮುಂದೆ ಮಾತ್ರ ಕೆರೆದುಕೊಂಡು ಹೊರಟರೆ ಸಾಲದಾ?

ಸಾಲದು. ಚಾವಣಿಯ ಹಿಮ ಒಳಗಿನ ಶಾಖಕ್ಕೆ ಕೆಳಗಿಂದ ಕರಗಿ ಸಡಿಲವಾಗುತ್ತದೆ. ಮೊದಲ ಬ್ರೇಕಿಗೇ ಅಷ್ಟೂ ಜಾರಿ ನಿಮ್ಮ ಗಾಜಿನ ಮೇಲೆ ಬರುತ್ತದೆ, ಇಲ್ಲವೇ ಹಲಗೆಯ ಹಾಗೆ ಎದ್ದು ಹಿಂದಿನವರ ಗಾಜಿಗೆ ಬಡಿಯುತ್ತದೆ. ಪೆನ್ಸಿಲ್ವೇನಿಯಾದಲ್ಲಿ 2022ರಿಂದ ಇದನ್ನು ತೆಗೆಯದಿರುವುದು ದಂಡಕ್ಕೆ ದಾರಿ. ಚಾವಣಿ, ಬಾನೆಟ್, ಎಲ್ಲ ಗಾಜು, ದೀಪಗಳು, ಹಿಂದಿನ ಕ್ಯಾಮೆರಾ, ಮುಂದಿನ ರಾಡಾರ್, ಈ ಕ್ರಮದಲ್ಲಿ ಗುಡಿಸಿ. ಈಗಿನ ಎಲ್‌ಇಡಿ ಹೆಡ್‌ಲೈಟ್ ಬಿಸಿಯಾಗುವುದಿಲ್ಲ, ಅದರ ಮೇಲಿನ ಹಿಮ ತಾನಾಗಿ ಕರಗದು. ದಾರಿಯಲ್ಲಿ ನಿಂತಾಗಲೆಲ್ಲ ಒರೆಸಿ.

ಬಿಸಿನೀರು ಸುರಿಯಬೇಡಿ, ಗಾಜು ಸೀಳುತ್ತದೆ. ಹೆಪ್ಪುಗಟ್ಟಿದ ವೈಪರ್ ಆನ್ ಮಾಡಿದರೆ ಮೋಟರ್ ಅಥವಾ ಫ್ಯೂಸ್ ಹೋಗುತ್ತದೆ. ವೈಪರ್ "ಆಟೋ"ದಲ್ಲಿದ್ದರೆ ಹಿಂದಿನ ರಾತ್ರಿಯೇ ಆಫ್ ಮಾಡಿ. ಗಾಜಿನ ಒಳಗಡೆ ಮಂಜು ಕಟ್ಟಿದರೆ ಎಸಿ ಆನ್ ಮಾಡಿ ಹೀಟರ್ ಬಿಸಿಗೆ ಇಡಿ, ಒಳಗಾಳಿಯನ್ನೇ ಸುತ್ತಿಸುವ ಬಟನ್ ಆಫ್ ಮಾಡಿ. ಚಳಿಗಾಲದಲ್ಲಿ ಎಸಿಯಾ ಅಂತ ಊರಿಂದ ಬಂದವರು ನಗಬಹುದು, ಆದರೆ ಗಾಳಿಯ ತೇವ ತೆಗೆಯುವುದು ಅದೇ.

ಮುಖ್ಯವಾದದ್ದು: ಮನೆಗೆ ಅಂಟಿದ ಗರಾಜಿನೊಳಗೆ ರಿಮೋಟಿನಿಂದ ಕಾರು ಸ್ಟಾರ್ಟ್ ಮಾಡಿ ಬಿಡಬೇಡಿ. ಬಾಗಿಲು ತೆರೆದಿದ್ದರೂ ಬೇಡ. ಬಣ್ಣ, ವಾಸನೆ ಎರಡೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಮೇಲಿನ ಕೋಣೆಯಲ್ಲಿ ಮಲಗಿದವರನ್ನು ತಲುಪುತ್ತದೆ.

ಕಾರಿನಲ್ಲಿ ಏನೇನು ಇಟ್ಟುಕೊಳ್ಳಬೇಕು?

ಸಣ್ಣ ಸಲಿಕೆ, ಉದ್ದ ಹಿಡಿಯ ಕೆರೆಯುವ ಬ್ರಷ್, 10 ಪೌಂಡಿನಷ್ಟು ಮರಳು ಅಥವಾ ಬೆಕ್ಕಿಗೆ ಹಾಕುವ ಒಣ ಮಣ್ಣು, ಜಂಪ್ ಕೇಬಲ್ ಇಲ್ಲವೇ ಜಂಪ್ ಸ್ಟಾರ್ಟರ್, ತಲೆಗೆ ಕಟ್ಟುವ ಟಾರ್ಚ್, ಪ್ರತಿಯೊಬ್ಬರಿಗೂ ಒಂದು ಕಂಬಳಿ, ಹೆಚ್ಚುವರಿ ಕಾಲುಚೀಲ, ಕೈಗವುಸು, ಸೀಟಿ, ಕೆಂಪು ಬಟ್ಟೆ. ಸಲಿಕೆ ಮತ್ತು ಕಂಬಳಿ ಡಿಕ್ಕಿಯಲ್ಲಲ್ಲ, ಒಳಗಡೆ ಇರಲಿ. ಹಿಂದಿನಿಂದ ಗುದ್ದಿಸಿಕೊಂಡ ಡಿಕ್ಕಿ ತೆರೆಯುವುದಿಲ್ಲ.

ತಿಂಡಿಯ ವಿಷಯದಲ್ಲಿ ನಾವು ಅದೃಷ್ಟವಂತರು. ಚಕ್ಕುಲಿ, ಕೋಡುಬಳೆ, ರವೆ ಉಂಡೆ, ಶೇಂಗಾ ಚಿಕ್ಕಿ, ಒಗ್ಗರಣೆ ಅವಲಕ್ಕಿ ಯಾವುದೂ ಹೆಪ್ಪುಗಟ್ಟಿ ಕಲ್ಲಾಗುವುದಿಲ್ಲ. ಪುಳಿಯೋಗರೆ ದಾರಿಗೆ ಒಳ್ಳೆಯದೇ, ಆದರೆ ಅನ್ನ ಕಾರಿನ ಚಳಿಯಲ್ಲಿ ರಾತ್ರಿ ಕಳೆದರೆ ಹರಳಿನಂತಾಗುತ್ತದೆ. ನೀರಿನ ಬಾಟಲಿಗಳನ್ನು ಮುಕ್ಕಾಲು ಮಾತ್ರ ತುಂಬಿ, ತುಂಬಿ ತುಳುಕಿದರೆ ಹೆಪ್ಪಾಗಿ ಒಡೆಯುತ್ತವೆ. ಫ್ಲಾಸ್ಕಿನಲ್ಲಿ ಬಿಸಿನೀರೇ ಇರಲಿ, ಕಷಾಯ ಆಮೇಲೆ ಮಾಡಿಕೊಳ್ಳಬಹುದು.

ಪೆಟ್ರೋಲ್ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡಬೇಡಿ. ನಿಂತಲ್ಲೇ ಎಂಜಿನ್ ಓಡಿದರೆ ಸಣ್ಣ ಕಾರಿಗೆ ಗಂಟೆಗೆ ಕಾಲು ಗ್ಯಾಲನ್‌ನಿಂದ ಅರ್ಧ ಗ್ಯಾಲನ್ ಸಾಕು. ಅರ್ಧ ಟ್ಯಾಂಕ್ ಇದ್ದವರು ಒಂದಿಡೀ ರಾತ್ರಿ ದಾಟಬಲ್ಲರು.

ಮಗುವಿಗೆ ದಪ್ಪ ಜಾಕೆಟ್ ಹಾಕಿಯೇ ಕಾರ್ ಸೀಟಿನಲ್ಲಿ ಕೂರಿಸಬಹುದಾ?

ಬೇಡ. ಉಬ್ಬಿದ ಜಾಕೆಟ್ಟಿನ ಮೇಲೆ ಪಟ್ಟಿ ಬಿಗಿಯಾಗಿದೆ ಅನ್ನಿಸುತ್ತದೆ. ಗುದ್ದಿದ ಕ್ಷಣ ಜಾಕೆಟ್ ಚಪ್ಪಟೆಯಾಗಿ ಪಟ್ಟಿ ಸಡಿಲವಾಗುತ್ತದೆ, ಮಗು ಅದರೊಳಗಿಂದ ಜಾರಿ ಎಗರಬಹುದು. ತೆಳ್ಳಗಿನ ಸ್ವೆಟರ್ ಹಾಕಿ, ಪಟ್ಟಿ ಕಟ್ಟಿ, ಭುಜದ ಬಳಿ ಪಟ್ಟಿಯನ್ನು ಬೆರಳಿನಿಂದ ಚಿವುಟಿ ನೋಡಿ. ಮಡಿಕೆ ಸಿಗಬಾರದು. ಆಮೇಲೆ ಮೇಲಿಂದ ಕಂಬಳಿ ಹೊದಿಸಿ.

ಅಪ್ಪ ಅಮ್ಮ ಮೊದಲ ಬಾರಿ ಚಳಿಗಾಲ ನೋಡ್ತಿದ್ದಾರೆ. ಅವರಿಗೆ ಏನು ಬೇರೆ?

ಮುಖ್ಯವಾಗಿ ಪಾದ. ಅಮ್ಮ ಸೀರೆ ಉಟ್ಟು ಚಪ್ಪಲಿ ಹಾಕಿಕೊಂಡು ಕಾರಿನಲ್ಲೇ ತಾನೇ ಅಂತ ಕೂರುತ್ತಾರೆ. ಕಾರು ಕೈಕೊಟ್ಟರೆ ಆ ಪಾದಗಳೇ ಹಿಮದಲ್ಲಿರುವುದು. ಉಣ್ಣೆಯ ಕಾಲುಚೀಲ, ನೀರು ಇಳಿಯದ ಬೂಟು, ಕಿವಿ ಮುಚ್ಚುವ ಟೋಪಿ ಕಾರಿನಲ್ಲೂ ಹತ್ತಿರದಲ್ಲೇ ಇರಲಿ. 0 ಫ್ಯಾರನ್‌ಹೀಟ್ ಚಳಿಗೆ ಗಂಟೆಗೆ 15 ಮೈಲಿ ಗಾಳಿ ಸೇರಿದರೆ ತೆರೆದ ಚರ್ಮಕ್ಕೆ ಅರ್ಧ ಗಂಟೆಯಲ್ಲಿ ಹಿಮಕಡಿತ ಆಗಬಹುದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ತಗ್ಗಿದ್ದವರಿಗೆ ಅದು ಆಗುತ್ತಿರುವುದೇ ತಿಳಿಯದು. ಬೆರಳು ಬಿಳಿಚಿ ಮೇಣದಂತೆ ಕಂಡರೆ ಉಜ್ಜಬೇಡಿ, ಹೀಟರಿನ ಬಾಯಿಗೂ ಹಿಡಿಯಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ. ಒಣಬಟ್ಟೆಯಲ್ಲಿ ಸುತ್ತಿ, ಕಂಕುಳಿನ ಶಾಖ ಕೊಟ್ಟು, ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ಸುಲಿನ್ ಹೆಪ್ಪುಗಟ್ಟಿದರೆ ಕರಗಿಸಿ ಬಳಸುವಂತಿಲ್ಲ, ಎಸೆಯಬೇಕು. ಡಿಕ್ಕಿಯ ಸೂಟ್‌ಕೇಸಿನಲ್ಲಿ ಇಡದೆ ಒಳಜೇಬಿನಲ್ಲಿಡಿ. ಬಿಪಿ, ಥೈರಾಯ್ಡ್ ಮಾತ್ರೆಗಳು ಪ್ರಯಾಣದ ದಿನಕ್ಕಿಂತ ಮೂರು ದಿನದ್ದು ಹೆಚ್ಚಿರಲಿ.

ಬ್ಲ್ಯಾಕ್ ಐಸ್ ಕಣ್ಣಿಗೆ ಕಾಣದಲ್ಲ, ಹೇಗೆ ಗುರುತಿಸೋದು?

ಅದು ಕಪ್ಪಲ್ಲ. ಕೆಳಗಿನ ಡಾಂಬರು ಕಾಣುವಷ್ಟು ತೆಳ್ಳಗಿನ, ಪಾರದರ್ಶಕ ಪದರ. ಮೂರು ಸುಳಿವುಗಳಿವೆ. ಒದ್ದೆಯಾಗಿ ಹೊಳೆಯುವ ರಸ್ತೆ, ಆದರೆ ಮುಂದಿನ ಗಾಡಿಯ ಚಕ್ರದಿಂದ ನೀರು ಎರಚುತ್ತಿಲ್ಲ. ಟೈರಿನ ಸದ್ದು ಇದ್ದಕ್ಕಿದ್ದಂತೆ ಕಡಿಮೆಯಾಯಿತು. ಸ್ಟಿಯರಿಂಗ್ ಹಗುರವಾಯಿತು.

ಸೇತುವೆ ಮೊದಲು ಹೆಪ್ಪುಗಟ್ಟುತ್ತದೆ. ಅದಕ್ಕೆ ಕೆಳಗಿಂದಲೂ ಗಾಳಿ ತಾಗುತ್ತದೆ, ನೆಲದ ಕಾವಿಲ್ಲ. ಮುಂಜಾವು ಮತ್ತು ಮುಸ್ಸಂಜೆ, ಮರದ ನೆರಳು, ಎಕ್ಸಿಟ್‌ನ ತಿರುವು ಇವುಗಳಿಗೂ ಇದೇ ಎಚ್ಚರ. ವಿಚಿತ್ರವೆಂದರೆ ಅತಿ ಜಾರುವುದು ಕೊರೆಯುವ ಚಳಿಯಲ್ಲಲ್ಲ. 0 ಸೆಲ್ಸಿಯಸ್ ಆಸುಪಾಸಿನಲ್ಲಿ ಮಂಜುಗಡ್ಡೆಯ ಮೇಲೆ ನೀರಿನ ಪೊರೆ ಇರುವುದರಿಂದ ಅದೇ ಹೆಚ್ಚು ಅಪಾಯ. ಕಾರು ತೋರಿಸುವುದು ಗಾಳಿಯ ಉಷ್ಣತೆ, ರಸ್ತೆಯದ್ದಲ್ಲ. 36 ಫ್ಯಾರನ್‌ಹೀಟ್ ಎಂದರೂ ನೆಮ್ಮದಿ ಬೇಡ. ಉಪ್ಪು ಹಾಕಿದ್ದಾರೆ ಅನ್ನುವ ಧೈರ್ಯವೂ ಒಂದು ಮಿತಿವರೆಗೆ. ಸುಮಾರು 15 ಫ್ಯಾರನ್‌ಹೀಟ್‌ಗಿಂತ (ಮೈನಸ್ 9 ಸೆಲ್ಸಿಯಸ್) ಕೆಳಗೆ ಸಾದಾ ಉಪ್ಪಿನ ಆಟ ನಡೆಯದು.

ಜಾರಿದರೆ ಏನು ಮಾಡಬೇಕು?

ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಬ್ರೇಕ್ ಗಟ್ಟಿಯಾಗಿ ತುಳಿಯಬೇಡಿ. ಕಾರು ಹೋಗಬೇಕಾದ ಕಡೆ ನೋಡಿ, ಆ ಕಡೆಗೇ ಸ್ಟಿಯರಿಂಗ್ ಮೆಲ್ಲನೆ ತಿರುಗಿಸಿ. ಕಂಬದ ಕಡೆ ನೋಡಿದರೆ ಕೈ ಕಂಬದ ಕಡೆಗೇ ಹೋಗುತ್ತದೆ. ಹಿಡಿತ ಸಿಕ್ಕಿದ ಕೂಡಲೇ ಸ್ಟಿಯರಿಂಗ್ ನೆಟ್ಟಗೆ ಮಾಡಿ, ಇಲ್ಲವಾದರೆ ಇನ್ನೊಂದು ಬದಿಗೆ ಜಾರುತ್ತೀರಿ. ನೆಟ್ಟಗೆ ಹೋಗುತ್ತಿದ್ದು ನಿಲ್ಲಲೇಬೇಕಾದಾಗ, ಎಬಿಎಸ್ (ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ಬ್ರೇಕ್ ವ್ಯವಸ್ಥೆ) ಇದ್ದ ಕಾರಿನಲ್ಲಿ ಬ್ರೇಕನ್ನು ಒತ್ತಿ ಹಿಡಿದೇ ಇರಿ. ಪೆಡಲ್ ಗಡಗಡ ನಡುಗುವುದು ಕೆಟ್ಟದ್ದಲ್ಲ, ಅದರ ಕೆಲಸವೇ ಅದು.

ಕ್ರೂಸ್ ಕಂಟ್ರೋಲ್ ಆಫ್ ಇರಲಿ. ಮುಂದಿನ ಗಾಡಿಗೂ ನಿಮಗೂ 8ರಿಂದ 10 ಸೆಕೆಂಡ್ ಅಂತರ ಬೇಕು. ಅದು ಒಂದು ಕಂಬ ದಾಟಿದಾಗ ಎಣಿಸಲು ಶುರುಮಾಡಿ. ಮಂಜುಗಡ್ಡೆಯ ಮೇಲೆ ನಿಲ್ಲಲು ಒಣರಸ್ತೆಯ ಹತ್ತರಷ್ಟು ದೂರ ಬೇಕಾದೀತು. ಇದನ್ನೆಲ್ಲ ಓದಿದರೆ ಬರುವುದಿಲ್ಲ. ಮೊದಲ ಹಿಮ ಬಿದ್ದ ಭಾನುವಾರ ಬೆಳಗ್ಗೆ ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋಗಿ, 15 ಮೈಲಿ ವೇಗದಲ್ಲಿ ಬೇಕೆಂದೇ ಜಾರಿಸಿ ಅಭ್ಯಾಸ ಮಾಡಿ.

ಪ್ಲೋ ಗಾಡಿ ಬಹಳ ನಿಧಾನ. ಓವರ್‌ಟೇಕ್ ಮಾಡಬಹುದಾ?

ಅದರ ಹಿಂದಿನ ರಸ್ತೆಯೇ ಆ ಹೊತ್ತಿನ ಅತ್ಯುತ್ತಮ ರಸ್ತೆ. ಅದರ ಮುಂದಿರುವುದು ತೆಗೆಯದ ಹಿಮ. ಬಲಬದಿಯಿಂದ ಎಂದಿಗೂ ಬೇಡ, ಹಿಮದ ಮೋಡದೊಳಗೆ ಚಾಚಿದ ರೆಕ್ಕೆಯ ಬ್ಲೇಡ್ ಕಾಣಿಸುವುದಿಲ್ಲ.

ಹೆದ್ದಾರಿಯಲ್ಲೇ ಸಿಕ್ಕಿಹಾಕಿಕೊಂಡೆವು. ಹತ್ತಿರದ ಮನೆಗೆ ನಡೆದುಕೊಂಡು ಹೋಗೋಣವಾ?

ಕಾರು ಬಿಡಬೇಡಿ. ಬಿರುಗಾಳಿಯಲ್ಲಿ ನೂರು ಅಡಿ ನಡೆದವರಿಗೆ ತಮ್ಮದೇ ಕಾರು ಮತ್ತೆ ಸಿಗದಿರಬಹುದು. ರಕ್ಷಣೆಗೆ ಬಂದವರು ಮೊದಲು ಹುಡುಕುವುದು ಕಾರುಗಳನ್ನೇ. 2014ರ ನವೆಂಬರ್‌ನಲ್ಲಿ ಬಫಲೋ ಬಳಿ ಐ-90ರಲ್ಲಿ ಸಿಕ್ಕಿಕೊಂಡ ಬಸ್ಸು ಕಾರುಗಳ ಜನ ಒಂದು ದಿನಕ್ಕೂ ಹೆಚ್ಚು ಹೊತ್ತು ಒಳಗೇ ಕಾದರು. 2022ರ ಕ್ರಿಸ್‌ಮಸ್‌ನ ಬಫಲೋ ಬಿರುಗಾಳಿಯಲ್ಲಿ ತುರ್ತು ಸೇವೆಯ ಗಾಡಿಗಳೇ ಹೂತುಹೋಗಿದ್ದವು, ಹತ್ತಾರು ಜನ ಸತ್ತರು, ಸತ್ತವರಲ್ಲಿ ಕಾರಿನೊಳಗಿದ್ದವರೂ ಇದ್ದರು. ಅದಕ್ಕೇ ಕಾರಿನೊಳಗೆ ಉಳಿಯುವುದಕ್ಕೂ ಒಂದು ಕ್ರಮ ಇದೆ.

ಮೊದಲು 911ಕ್ಕೆ ಕರೆ ಮಾಡಿ ಹೆದ್ದಾರಿಯ ಸಂಖ್ಯೆ, ದಿಕ್ಕು, ಹತ್ತಿರದ ಮೈಲಿಕಲ್ಲಿನ ಅಂಕಿ ಹೇಳಿ. ಕೆಂಪು ಬಟ್ಟೆಯನ್ನು ಆಂಟೆನಾಗೋ ಬಾಗಿಲಿನ ಹಿಡಿಗೋ ಕಟ್ಟಿ. ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಇಳಿದು ಸೈಲೆನ್ಸರ್ ಪೈಪಿನ ಬಾಯಿಯ ಹಿಮ ತೆಗೆಯಿರಿ. ಪ್ರತಿ ಸಲವೂ ತೆಗೆಯಿರಿ. ಅದು ಮುಚ್ಚಿದ್ದರೆ ಹೊಗೆ ಒಳಕ್ಕೇ ಬರುತ್ತದೆ. ಗಂಟೆಗೆ ಸುಮಾರು 10 ನಿಮಿಷ ಮಾತ್ರ ಎಂಜಿನ್ ಓಡಿಸಿ, ಆಗ ಗಾಳಿ ಬೀಸದ ಬದಿಯ ಕಿಟಕಿ ಒಂದು ಬೆರಳಿನಷ್ಟು ಇಳಿಸಿ. ತಲೆನೋವು, ವಾಕರಿಕೆ, ಮಂಪರು ಒಟ್ಟಿಗೇ ಇಬ್ಬರಿಗೆ ಶುರುವಾದರೆ ಎಂಜಿನ್ ಆರಿಸಿ ಕಿಟಕಿ ತೆರೆಯಿರಿ, ಅದು ಕಾರ್ಬನ್ ಮೊನಾಕ್ಸೈಡ್.

ಎಲ್ಲರೂ ಹಿಂದಿನ ಸೀಟಿಗೆ ಬಂದು ಒಟ್ಟಿಗೆ ಕೂತು ಕಂಬಳಿ ಹೊದೆಯಿರಿ. ಗಂಟೆಗೊಮ್ಮೆ ಕೈಕಾಲು ಆಡಿಸಿ. ಒಬ್ಬರಾದರೂ ಎಚ್ಚರ ಇರಿ. ಹಿಮವನ್ನು ಹಾಗೇ ತಿನ್ನಬೇಡಿ, ಅದನ್ನು ಕರಗಿಸಲು ದೇಹದ ಕಾವೇ ಖರ್ಚಾಗುತ್ತದೆ. ನಡುಕ ಇದ್ದಷ್ಟು ಹೊತ್ತು ದೇಹ ಹೋರಾಡುತ್ತಿದೆ. ಮಾತು ತೊದಲಿ, ನಡುಕ ನಿಂತರೆ ಅದು ಕೆಟ್ಟ ಲಕ್ಷಣ, ಮತ್ತೆ 911ಕ್ಕೆ ಹೇಳಿ.

ಬರೀ ಚಕ್ರ ಹೂತಿದ್ದರೆ, ಮುಂದಿನ ಹಿಂದಿನ ಹಿಮ ಸಲಿಕೆಯಿಂದ ತೆಗೆದು, ಚಕ್ರ ನೆಟ್ಟಗಿಟ್ಟು, ಮರಳು ಎರಚಿ, ಟ್ರಾಕ್ಷನ್ ಕಂಟ್ರೋಲ್ (ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ವ್ಯವಸ್ಥೆ) ಆಫ್ ಮಾಡಿ, ಮೆಲ್ಲನೆ ಹಿಂದೆ ಮುಂದೆ ತೂಗಿಸಿ. ಚಕ್ರ ಜೋರಾಗಿ ತಿರುಗಿಸಿದಷ್ಟೂ ಕೆಳಗಿನ ಹಿಮ ನಯವಾಗಿ ಕನ್ನಡಿಯಾಗುತ್ತದೆ.

ಎಲೆಕ್ಟ್ರಿಕ್ ಕಾರಿನಲ್ಲಿ ಹೋಗಬಹುದಾ?

ಹೋಗಬಹುದು, ಲೆಕ್ಕ ಬೇರೆ. ಅಮೆರಿಕದ ವಾಹನ ಚಾಲಕರ ಸಂಘ ಎಎಎ 2019ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ 20 ಫ್ಯಾರನ್‌ಹೀಟ್‌ಗೆ ಹೀಟರ್ ಹಾಕಿದಾಗ ಓಡುವ ದೂರ ಸರಾಸರಿ 41 ಶೇಕಡ ಕಡಿಮೆಯಾಯಿತು. ಹೀಟ್ ಪಂಪ್ ಇರುವ ಕಾರುಗಳಲ್ಲಿ ನಷ್ಟ ಕಡಿಮೆ. ಯೋಜನೆ ಹಾಕುವಾಗ ಪರದೆ ಹೇಳುವ ದೂರದ ಅರ್ಧವನ್ನೇ ಹಿಡಿದುಕೊಳ್ಳಿ. ಚಾರ್ಜರ್‌ಗೆ ಹೋಗುತ್ತಿರುವುದಾಗಿ ನ್ಯಾವಿಗೇಷನ್‌ಗೆ ಹೇಳಿದರೆ ಬ್ಯಾಟರಿ ಬೆಚ್ಚಗಾಗುತ್ತಾ ಬರುತ್ತದೆ. ತಣ್ಣಗಿನ ಬ್ಯಾಟರಿ ಚಾರ್ಜ್ ಆಗಲು ಎರಡರಷ್ಟು ಹೊತ್ತು ಹಿಡಿಯಬಹುದು. ಸಿಕ್ಕಿಕೊಂಡಾಗ ಮಾತ್ರ ಇವಿಯೇ ಮೇಲು: ಹೊಗೆಯ ಭಯವಿಲ್ಲ, ಹೀಟರ್ ಗಂಟೆಗೆ 1ರಿಂದ 3 ಕಿಲೋವ್ಯಾಟ್ ಅವರ್ ತಿನ್ನುತ್ತದೆ. ಸೀಟಿನ ಹೀಟರ್ ಒಂದನ್ನೇ ಹಾಕಿದರೆ ಇನ್ನೂ ಕಡಿಮೆ.

ಡೆಟ್ರಾಯಿಟ್‌ನಿಂದ ಟೊರಾಂಟೊಗೆ ಗಡಿ ದಾಟುವಾಗ?

ಅಮೆರಿಕದ ವೀಸಾ ಮಾತ್ರ ಇರುವ ಭಾರತೀಯ ಪಾಸ್‌ಪೋರ್ಟಿನವರಿಗೆ ಕೆನಡಾಕ್ಕೆ ಬೇರೆಯೇ ವೀಸಾ ಬೇಕು, ಅಪ್ಪ ಅಮ್ಮನಿಗೂ. ಅದು ಕೊನೆ ವಾರದಲ್ಲಿ ಆಗುವ ಕೆಲಸವಲ್ಲ. ಐ-94 ರಸ್ತೆಯೂ ಹೌದು, ಅಮೆರಿಕ ಪ್ರವೇಶದ ದಾಖಲೆಯ ಹೆಸರೂ ಹೌದು, ಎರಡೂ ನೆಟ್ಟಗಿರಲಿ. ಮರಳುವಾಗ ಅಕ್ಕ ಕೊಟ್ಟ ಕರಿಬೇವಿನ ಸೊಪ್ಪು ಅಲ್ಲೇ ಬಿಟ್ಟು ಬನ್ನಿ, ಅಮೆರಿಕಕ್ಕೆ ತರುವಂತಿಲ್ಲ. ಬಾಡಿಗೆ ಕಾರಾದರೆ ಗಡಿ ದಾಟಲು ಒಪ್ಪಿಗೆ ಇದೆಯೇ, ಯಾವ ಟೈರ್ ಹಾಕಿದ್ದಾರೆ ಎಂದು ಕೀಲಿ ತೆಗೆದುಕೊಳ್ಳುವ ಮೊದಲೇ ನೋಡಿ.

ನಾವು ಡಲ್ಲಸ್‌ನಲ್ಲಿದ್ದೇವೆ. ನಮಗೆ ಇದೆಲ್ಲ ಬೇಕಾ?

ಹಿಮ ಅಪರೂಪವಾದ ಊರಲ್ಲೇ ಅದು ಹೆಚ್ಚು ಕ್ರೂರ. 2021ರ ಫೆಬ್ರವರಿ 11ರ ಬೆಳಗ್ಗೆ ಡಲ್ಲಸ್ ಪಕ್ಕದ ಫೋರ್ಟ್ ವರ್ತ್‌ನ ಐ-35 ಪಶ್ಚಿಮದಲ್ಲಿ ಕಣ್ಣಿಗೆ ಕಾಣದ ಐಸ್ ಪದರದ ಮೇಲೆ 130ಕ್ಕೂ ಹೆಚ್ಚು ಗಾಡಿಗಳು ಗುದ್ದಿಕೊಂಡು 6 ಜನ ಸತ್ತರು. ಅಲ್ಲಿ ಪ್ಲೋ ಕಡಿಮೆ, ಚಳಿಗಾಲದ ಟೈರ್ ಯಾರ ಬಳಿಯೂ ಇಲ್ಲ. ಐಸ್ ಮಳೆ ಅಂದ ದಿನ ಮನೆಯಲ್ಲಿರಿ. ಬಹುತೇಕ ಮಾರನೆಯ ಮಧ್ಯಾಹ್ನಕ್ಕೆ ಕರಗಿರುತ್ತದೆ.

ತಲುಪಿದ ಮೇಲೆ ಕಾರಿಗೆ ಏನಾದರೂ ಮಾಡಬೇಕಾ?

ವೈಪರ್ ಎತ್ತಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಕೇಬಲ್ ಒದ್ದೆಯಾಗಿದ್ದರೆ ಹೆಪ್ಪುಗಟ್ಟಿ ಬಿಡಿಸಲಾಗದು, ಸಮತಟ್ಟು ಜಾಗದಲ್ಲಿ ಪಾರ್ಕ್ ಗೇರ್ ಸಾಕು. ರಸ್ತೆ ಬದಿ ನಿಲ್ಲಿಸುವ ಮೊದಲು ಆ ಊರಿನ ಹಿಮದ ಪಾರ್ಕಿಂಗ್ ನಿಯಮ ನೆಂಟರನ್ನೇ ಕೇಳಿ. ಮಿನಿಯಾಪೊಲಿಸ್‌ನಂಥ ಕಡೆ ಸ್ನೋ ಎಮರ್ಜೆನ್ಸಿ ಘೋಷಿಸಿದ ರಾತ್ರಿ ತಪ್ಪಾದ ಬದಿಯಲ್ಲಿದ್ದ ಕಾರನ್ನು ಎಳೆದುಕೊಂಡು ಹೋಗುತ್ತಾರೆ. ಬಾಗಿಲಿನ ರಬ್ಬರ್ ಒರೆಸಿ ಸಿಲಿಕೋನ್ ಸವರಿದರೆ ಬೆಳಗ್ಗೆ ಅಂಟಿಕೊಳ್ಳುವುದಿಲ್ಲ. ಮನೆಗೆ ಮರಳಿದ ಮೇಲೆ, ಹೆಪ್ಪುಗಟ್ಟುವ ಚಳಿ ಇಲ್ಲದ ಮೊದಲ ದಿನ, ಕಾರಿನ ತಳವನ್ನೂ ತೊಳೆಯುವ ಕಡೆ ತೊಳೆಸಿ. ಉಪ್ಪು ಬ್ರೇಕ್ ಪೈಪುಗಳನ್ನು ತಿನ್ನುವುದು ಒಂದೇ ಚಳಿಗಾಲದಲ್ಲಲ್ಲ, ನಾಲ್ಕೈದು ಚಳಿಗಾಲ ತೊಳೆಯದೆ ಬಿಟ್ಟಾಗ.